ಬಳ್ಳಾರಿಯ ನಾಲಿಗೆಗೆ ‘ಅರ್ಲಿ ಮಾರ್ನಿಂಗ್ ಪೈಪ್’: ಕೆಲವು ವರ್ಷ ಸೇದಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ‘ಅರ್ಲಿ ಮಾರ್ನಿಂಗ್ ಪೈಪ್’ ಅನ್ನುವ ಈ ಪೈಪ್ ತಂಬಾಕಿನ ರುಚಿ ಬಳ್ಳಾರಿಯಲ್ಲಿ ಗೊತ್ತಾಗುವುದು ತಿಂಡಿಗೆ ಮುಂಚೆ ಮಾತ್ರ. ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ಹೊಟ್ಟೆಗೆ ಹೋದವೋ, ಮುಗಿಯಿತು. ಆಮೇಲೆ ಸೇದಿದರೆ ಬಾಯಿಗೆ ಬರುವುದು ಬರೀ ಬಿಸಿ ಗಾಳಿ. ಹೊಗೆ ಕಣ್ಣಿಗೆ ಕಾಣುತ್ತದೆ, ನಾಲಿಗೆಗೆ ಸಿಗುವುದಿಲ್ಲ. ಇದರಲ್ಲಿ ತಂಬಾಕನ್ನು ಬೈಯುವ ಹಾಗೂ ಇಲ್ಲ. ಆದರೆ ದುಡ್ಡು ಕೊಡುವವರು ನಾವು ಅಲ್ವಾ, ಕೊಳ್ಳುವ ಮುಂಚೆ ಗೊತ್ತಿರಲಿ.

ಡಬ್ಬಿಯ ಮೇಲೆ ಏನೇನು ಬರೆದಿದೆ ಅಂತ ಪೈಪು ಸೇದುವವರಿಗೆ ನಾನು ಹೇಳಬೇಕಿಲ್ಲ. ಹಳಬರು ಇದನ್ನು ಡನ್‌ಹಿಲ್ ಕಂಪನಿಯ ಹೆಸರಿನಲ್ಲಿ ನೋಡಿರುತ್ತಾರೆ. 2018ರಲ್ಲಿ ಡನ್‌ಹಿಲ್ ಪೈಪ್ ತಂಬಾಕು ನಿಂತಿತು. ಮರುವರ್ಷವೇ ಪೀಟರ್ಸನ್ ಅನ್ನುವ ಇನ್ನೊಂದು ಕಂಪನಿಯ ಹೆಸರು ಹೊತ್ತು ಮತ್ತೆ ಬಂತು. ಹಳೆಯದಕ್ಕೂ ಇದಕ್ಕೂ ವ್ಯತ್ಯಾಸ ಇದೆಯೋ ಇಲ್ಲವೋ ಅನ್ನುವ ಜಗಳ ಇನ್ನೂ ನಡೆದೇ ಇದೆ. ಆ ಜಗಳದಲ್ಲಿ ನಾನಿಲ್ಲ. ನನ್ನ ಕೈಗೆ ಬಂದದ್ದು ಪೀಟರ್ಸನ್ ಡಬ್ಬಿಯೇ.

ಮುಚ್ಚಳ ತೆಗೆದಾಗ ಬರುವ ವಾಸನೆ ಮಾತ್ರ ಬಿಡಿಸಿ ಹೇಳಬೇಕು. ನಮ್ಮ ಕಡೆ ಹಳ್ಳಿಯಲ್ಲಿ ಬಳ್ಳಾರಿ ಜಾಲಿ ಕಟ್ಟಿಗೆ ಹಚ್ಚಿ ಹಾಲು ಕಾಯಿಸುತ್ತಿದ್ದರು. ಆ ಹಾಲಿನ ಕೆನೆಯಲ್ಲಿ ಒಂದು ಹೊಗೆ ವಾಸನೆ ಇರುತ್ತಿತ್ತು. ಕೆಲವರಿಗೆ ಅದು ಆಗುತ್ತಿರಲಿಲ್ಲ. ನನಗೆ ಅದಿಲ್ಲದ ಹಾಲು ಇವತ್ತಿಗೂ ಸಪ್ಪೆ. ಈ ಡಬ್ಬಿಯ ವಾಸನೆ ಅದರ ತೀರಾ ಹತ್ತಿರ. ಘಾಟು ಇಲ್ಲ, ಕಮಟು ಇಲ್ಲ, ಹೊಗೆಯ ಹಿಂದೆ ಒಂದು ಸಿಹಿ.

ಆ ಹೊಗೆ ಬರುವುದು ಲಟಾಕಿಯಾ ಅನ್ನುವ ಎಲೆಯಿಂದ. ಲಟಾಕಿಯಾ ಸಿರಿಯಾದ ಒಂದು ಬಂದರು ಊರು, ಎಲೆಗೂ ಅದೇ ಹೆಸರು. ಈಗ ಮಾರುಕಟ್ಟೆಗೆ ಬರುವುದು ಹೆಚ್ಚಾಗಿ ಸೈಪ್ರಸ್‌ನದು. ಎಲೆಯನ್ನು ಮೊದಲು ಬಿಸಿಲಿಗೆ ಒಣಗಿಸುತ್ತಾರೆ. ಆಮೇಲೆ ಮುಚ್ಚಿದ ಕೊಟ್ಟಿಗೆಯಲ್ಲಿ ತೂಗುಹಾಕಿ, ಕೆಳಗೆ ಅಲ್ಲಿನ ಗಿಡಗಂಟಿ, ಪೈನ್, ಓಕ್ ಕಟ್ಟಿಗೆ ಹಚ್ಚಿ ವಾರಗಟ್ಟಲೆ ಹೊಗೆ ಕೊಡುತ್ತಾರೆ. ಎಲೆ ಕಪ್ಪಗಾಗುತ್ತದೆ. ಇಷ್ಟು ಹೊಗೆ ಕುಡಿದ ಎಲೆ ಭಾರಿ ಖಡಕ್ ಇರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜದಲ್ಲಿ ಅದರಲ್ಲಿ ನಿಕೋಟಿನ್ ಕಡಿಮೆ, ಉರಿಯುವುದೂ ನಿಧಾನ. ಜೊತೆಗೆ ಸಿಹಿಗೆ ವರ್ಜೀನಿಯಾ. ಅದು ನಮಗೆ ಹೊಸದಲ್ಲ. ಹುಣಸೂರು, ಪಿರಿಯಾಪಟ್ಟಣದ ರೈತರು ಬ್ಯಾರನ್ನಿನಲ್ಲಿ ಬೇಯಿಸುವ ಸೊಪ್ಪಿನ ಜಾತಿಯೇ. ಮೂರನೆಯದು ಓರಿಯಂಟಲ್, ಅಂದರೆ ಟರ್ಕಿ, ಗ್ರೀಸ್ ಕಡೆಯ ಸಣ್ಣ ಎಲೆ. ತೆಳ್ಳಗಿನ ಹುಳಿ ಅದರದು. ಈ ಜಾತಿಯ ಬೇರೆ ಮಿಶ್ರಣಗಳಲ್ಲಿ ಲಟಾಕಿಯಾ ಯಜಮಾನಿಕೆ ಮಾಡುತ್ತದೆ. ಇದರಲ್ಲಿ ಹಿಂದೆ ಕೂತಿರುತ್ತದೆ.

ಈಗ ನನ್ನ ಬೆಳಗ್ಗೆ. ನನ್ನದು ಸಣ್ಣ ಜೀನ್ಸ್ ಹೊಲಿಗೆ ಯುನಿಟ್. ಅಲ್ಲಿ ಎಲ್ಲಿ ನೋಡಿದರೂ ಬಟ್ಟೆ, ದಾರ, ಹತ್ತಿಯ ಧೂಳು. ಬೆಂಕಿಕಡ್ಡಿ ಗೀರುವ ಮಾತೇ ಇಲ್ಲ. ಹಾಗಾಗಿ ನನಗೆ ಸಿಗುವುದು ಸೂರ್ಯ ಹುಟ್ಟುವ ಹೊತ್ತು, ಮನೆಯ ಮಾಳಿಗೆ, ಎದುರಿಗೆ ಕೋಟೆ ಗುಡ್ಡ. ಎದ್ದ ತಕ್ಷಣ ಪೇಸ್ಟ್ ಹಾಕಿ ಹಲ್ಲುಜ್ಜುವುದಿಲ್ಲ. ಆ ಪುದೀನ ಘಾಟು ಅರ್ಧ ಗಂಟೆ ನಾಲಿಗೆ ಬಿಡುವುದಿಲ್ಲ. ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಸಕ್ಕರೆ ಕಡಿಮೆ ಹಾಕಿದ ಚಹಾ ಅರ್ಧ ಲೋಟ. ಇನ್ನರ್ಧ ಪೈಪಿನ ಜೊತೆಗೆ. ಮನೆಯವಳು ಮೊದಮೊದಲು ನಗುತ್ತಿದ್ದಳು. ಈಗ ಅರ್ಧರ್ಧ ಲೋಟವೇ ಸೋಸಿ ಇಟ್ಟಿರುತ್ತಾಳೆ.

ತಂಬಾಕು ದಾರದಂತೆ ಸಣ್ಣಗೆ ಹೆಚ್ಚಿರುತ್ತದೆ. ಡಬ್ಬಿಯಿಂದ ಬಂದಾಗ ಪಸೆ ಸ್ವಲ್ಪ ಜಾಸ್ತಿ. ಹಾಗೇ ತುಂಬಿದರೆ ಪದೇಪದೇ ಆರುತ್ತದೆ, ಕೊಳವೆಯಲ್ಲಿ ನೀರು ಗೊರಗೊರ ಅನ್ನುತ್ತದೆ. ಬಿಸಿ ಹಬೆ ನಾಲಿಗೆಯನ್ನೂ ಸುಡುತ್ತದೆ. ಬೇರೆ ಊರಿನವರು ಇದನ್ನು ತಟ್ಟೆಯಲ್ಲಿ ಹರಡಿ ಗಂಟೆಗಟ್ಟಲೆ ಕಾಯುತ್ತಾರಂತೆ. ನಮ್ಮಲ್ಲಿ ಆ ಕಷ್ಟ ಇಲ್ಲ. ಚಳಿಗಾಲದಲ್ಲಿ ಸ್ಟೀಲ್ ತಟ್ಟೆಗೆ ಹಾಕಿ ಚಹಾ ಕುದಿಯುವವರೆಗೆ ಬಿಟ್ಟರೆ ಸಾಕು. ಏಪ್ರಿಲ್‌ನಲ್ಲಿ ತಟ್ಟೆ ಕೆಳಗಿಟ್ಟು ಬೆಂಕಿಪೊಟ್ಟಣ ಹುಡುಕುವಷ್ಟರಲ್ಲಿ ಆಗಿರುತ್ತದೆ. ಎರಡು ಬೆರಳಲ್ಲಿ ಹಿಂಡಿ ನೋಡಬೇಕು. ಅಂಟಿಕೊಂಡರೆ ಇನ್ನೂ ಹಸಿ. ಮೆಲ್ಲಗೆ ಬಿಚ್ಚಿಕೊಂಡರೆ ಸರಿ. ಚರಪರ ಅಂದರೆ ಕೆಟ್ಟಿತು ಅಂತ ಲೆಕ್ಕ.

ಬಳ್ಳಾರಿ ಬಿಸಿಲಿನಲ್ಲಿ ಪೈಪ್ ತಂಬಾಕು ಉಳಿಯುವುದಿಲ್ಲ ಅಂತ ಹೆದರಿಸಿದವರು ಬಹಳ. ನನಗೆ ಆದದ್ದು ತಿರುಗಾಮುರುಗಾ. ನಮ್ಮ ಒಣ ಹವೆಯಲ್ಲಿ ಬೂಸ್ಟು ಬರುವ ಭಯ ಕಡಿಮೆ. ಕರಾವಳಿಯ ಗೆಳೆಯ ಒಬ್ಬ ಮಳೆಗಾಲದಲ್ಲಿ ತನ್ನ ತಂಬಾಕು ಒಣಗಿಸಲು ಪಡುವ ಪಾಡು ಕೇಳಿದರೆ ನಮ್ಮ ಊರೇ ವಾಸಿ ಅನಿಸುತ್ತದೆ. ಡಬ್ಬಿ ಒಡೆದ ದಿನವೇ ಎಲ್ಲವನ್ನೂ ರಬ್ಬರ್ ರಿಂಗ್ ಇರುವ ಗಾಜಿನ ಜಾಡಿಗೆ ತುಂಬಿ, ಬೀರುವಿನ ತಳದ ಕತ್ತಲಲ್ಲಿ ಇಡಬೇಕು. ಅಷ್ಟೇ ಗುಟ್ಟು. ಡಬ್ಬಿಯಲ್ಲೇ ಬಿಟ್ಟರೆ ಮೇ ತಿಂಗಳಲ್ಲಿ ವಾರದೊಳಗೆ ಪುಡಿ. ಒಂದು ಮಾತು: ಆ ಜಾಡಿಗೆ ಆಮೇಲೆ ಉಪ್ಪಿನಕಾಯಿ ಹಾಕುವ ಆಸೆ ಬಿಡಿ. ಎಷ್ಟು ತೊಳೆದರೂ ಹೊಗೆ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಈ ವಿಷಯ ಇತ್ಯರ್ಥ ಆಗಿಲ್ಲ.

ತುಂಬುವುದರಲ್ಲಿ ಪೈಪಿನವರ ಹಳೆಯ ಲೆಕ್ಕ ಒಂದಿದೆ: ಮೊದಲ ಚಿಟಿಕೆ ಮಗುವಿನ ಕೈಯಲ್ಲಿ ಒತ್ತಿದಂತೆ, ಎರಡನೆಯದು ಹೆಂಗಸಿನ ಕೈಯಲ್ಲಿ, ಮೂರನೆಯದು ಗಂಡಸಿನ ಕೈಯಲ್ಲಿ. ನಮ್ಮ ಯುನಿಟ್‌ನ ಹೆಣ್ಣುಮಕ್ಕಳ ಕೈಬಲ ನೋಡಿದವರು ಈ ಲೆಕ್ಕ ನಂಬುವುದಿಲ್ಲ. ಆದರೂ ಅರ್ಥವಾಗುತ್ತದೆ. ತಳದಲ್ಲಿ ಸಡಿಲ, ಮೇಲೆ ಬಿಗಿ. ಮೊದಲ ಕಡ್ಡಿ ಗೀರಿ ಸುತ್ತಲೂ ಆಡಿಸಿದರೆ ತಂಬಾಕು ಉಬ್ಬಿ ಮೇಲೇಳುತ್ತದೆ. ಅದನ್ನು ಹಗುರಾಗಿ ಒತ್ತಿ ಎರಡನೇ ಕಡ್ಡಿ. ಒತ್ತಲು ನನ್ನ ಹತ್ತಿರ ಇರುವುದು ಪ್ಯಾಂಟಿನ ಬಟನ್ ಕೂರಿಸುವ ಹಳೆಯ ಡೈ. ಚಪ್ಪಟೆ ತಲೆ, ಪೈಪಿನ ಬಾಯಿಗೆ ಅಳತೆ ತೆಗೆದು ಮಾಡಿದಂತಿದೆ. ಕೊಳವೆ ಒರೆಸಲು ಮಕ್ಕಳ ಸ್ಕೂಲ್ ಪ್ರಾಜೆಕ್ಟಿಗೆ ಸ್ಟೇಷನರಿ ಅಂಗಡಿಯಲ್ಲಿ ಮಾರುವ ತಂತಿಯ ಕಡ್ಡಿ, ಮೈತುಂಬ ನಾರು ಇರುವುದು. ಬಿಳಿಯದನ್ನೇ ಆರಿಸಿ ತರುತ್ತೇನೆ. ಮಿಂಚು ಹಚ್ಚಿದ್ದು ಬೇಡ.

ಮೊದಲ ಹತ್ತು ನಿಮಿಷ ಅದರ ಒಳ್ಳೆಯ ಹೊತ್ತು. ಸಿಹಿ ಮುಂದೆ, ಹೊಗೆ ಹಿಂದೆ. ನಡುವೆ ಹೊಗೆ ಇನ್ನೂ ಸರಿದು ಓರಿಯಂಟಲ್‌ನ ಹುಳಿ ನಾಲಿಗೆಯ ಪಕ್ಕಕ್ಕೆ ಬರುತ್ತದೆ. ಚಹಾದ ಇನ್ನರ್ಧ ಲೋಟ ಕುಡಿಯಬೇಕಾದದ್ದು ಆಗ. ಕೊನೆಯ ಕಾಲುಭಾಗ ಕಹಿ, ಬೂದಿ. ಅದನ್ನು ಎಳೆದಾಡಬೇಡಿ, ಕೊಡವಿಬಿಡಿ. ತಲೆ ಸುತ್ತುವುದಿಲ್ಲ, ಖಾಲಿ ಹೊಟ್ಟೆಗೂ ಒದೆಯುವುದಿಲ್ಲ. ನಮ್ಮ ತಾತ ಸೇದುತ್ತಿದ್ದ ಚುಟ್ಟದ ಎದುರು ಇದನ್ನು ತಂಬಾಕು ಅನ್ನುವುದಕ್ಕೂ ನಾಚಿಕೆಯಾಗುತ್ತದೆ. ಅವ್ವ ಒಂದು ಸಲ ಮಾಳಿಗೆಗೆ ಬಂದು ಮೂಸಿ ನೋಡಿ, “ಇದೇನೋ, ಯಾರ ಮನಿ ಒಲಿ ಹೊಗಿ?” ಅಂತ ಕೇಳಿ ಇಳಿದು ಹೋದಳು. ಅಷ್ಟು ಮೆತ್ತಗೆ.

ಗಾಳಿಗೆ ಮಾತ್ರ ಇದು ತಡೆಯುವುದಿಲ್ಲ. ಆಷಾಢದಲ್ಲಿ ನಮ್ಮ ಮಾಳಿಗೆಯ ಮೇಲೆ ಒಣಗಿಸಿದ ಬಟ್ಟೆಯೂ ನಿಲ್ಲುವುದಿಲ್ಲ. ಗಾಳಿ ಪೈಪಿನ ಬಾಯಿಗೆ ಊದಿ ಕೆಂಡ ಎಬ್ಬಿಸುತ್ತದೆ. ವರ್ಜೀನಿಯಾದಲ್ಲಿ ಸಕ್ಕರೆ ಅಂಶ ಇರುವುದರಿಂದ ಬಿಸಿಯಾದರೆ ನಾಲಿಗೆ ಚುರುಗುಟ್ಟುತ್ತದೆ, ಮೆತ್ತಗಿನ ರುಚಿ ಹಾರಿಹೋಗುತ್ತದೆ. ಆ ತಿಂಗಳು ಪೈಪು ಒರೆಸಿ ಒಳಗೆ ಇಡುತ್ತೇನೆ. ಬೇಸಿಗೆಯಲ್ಲೂ ಅರ್ಧ ಪೈಪು ಸಾಕು, ಆರೂವರೆಗೇ ಮಾಳಿಗೆ ಕಾಯಲು ಶುರು. ಲೆಕ್ಕ ಹಾಕಿದರೆ ಇದು ಬಳ್ಳಾರಿಯಲ್ಲಿ ದೀಪಾವಳಿಯಿಂದ ಶಿವರಾತ್ರಿವರೆಗಿನ ತಂಬಾಕು.

ಇನ್ನು ಮಿರ್ಚಿಯ ವಿಷಯ. ರಾತ್ರಿ ಊಟದ ನಂತರ ಒಂದು ಪೈಪು ಇರಲಿ ಅಂತ ಏನೆಲ್ಲ ಮಾಡಿ ನೋಡಿದೆ. ನಮ್ಮ ಊಟ ಅಂದರೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಕೆಂಪು ಖಾರ. ಊಟವಾಗಿ ಒಂದು ಗಂಟೆ ಕಾದೆ. ಮಜ್ಜಿಗೆ ಕುಡಿದೆ. ಮೊಸರನ್ನ ತಿಂದೆ. ಬೆಲ್ಲ ಚಪ್ಪರಿಸಿದೆ. ಬೆಲ್ಲ ಇನ್ನೂ ಕೆಡಿಸಿತು, ಸಿಹಿಯ ಎದುರು ಸಿಹಿ ಗೊತ್ತೇ ಆಗಲಿಲ್ಲ. ಮೊಸರನ್ನ ಒಂದೇ ಸ್ವಲ್ಪ ಕೆಲಸ ಮಾಡಿದ್ದು, ಅದೂ ಉಪ್ಪಿನಕಾಯಿ ಇಲ್ಲದೆ ತಿಂದರೆ. ಉಪ್ಪಿನಕಾಯಿ ಇಲ್ಲದ ಮೊಸರನ್ನ ತಿಂದು ಪೈಪು ಸೇದುವ ಬದಲು ಸುಮ್ನೆ ಮಲಗುವುದು ಮೇಲು. ಖಾರಕ್ಕೆ ಹುಟ್ಟಿದ ನಾಲಿಗೆಗೆ ಇದರ ದನಿ ಕೇಳುವುದಿಲ್ಲ. ದಕ್ಷಿಣದ ಕಡೆ ಸಪ್ಪೆ ಊಟ ಮಾಡುವವರು ಇದನ್ನು ದಿನವಿಡೀ ಸೇದುತ್ತೇನೆ ಅಂದರೆ ನಂಬುತ್ತೇನೆ.

ಇಷ್ಟು ಆದ ಮೇಲೆ ಬೆಲೆ ಚುಚ್ಚುತ್ತದೆ. ನನ್ನ ಡಬ್ಬಿಗಳು ಬರುವುದು ಅಕ್ಕನ ಮಗನ ಕೈಯಲ್ಲಿ. ಅವನು ಹೊರದೇಶದಿಂದ ರಜಕ್ಕೆ ಬರುವಾಗ ತರುತ್ತಾನೆ. ಸುಂಕವಿಲ್ಲದೆ ಒಬ್ಬರು ತರಬಹುದಾದ ತಂಬಾಕು 125 ಗ್ರಾಂ, ಅಂದರೆ 50 ಗ್ರಾಮಿನ ಎರಡು ಡಬ್ಬಿ. ಒಂದು ವರ್ಷ ಅವನು ಬರಲಿಲ್ಲ. ಬೆಂಗಳೂರಿಗೆ ಬಟ್ಟೆ ಖರೀದಿಗೆ ಹೋದಾಗ ಒಂದು ಅಂಗಡಿಯಲ್ಲಿ ಕೇಳಿದೆ. ಹೆಸರು ಹೇಳುವುದಿಲ್ಲ. ಒಳಗಿನಿಂದ ಪೇಪರಿನಲ್ಲಿ ಸುತ್ತಿ ತಂದ, 2,000 ರೂಪಾಯಿಗೂ ಮೇಲೆ ಹೇಳಿದ, ಬಿಲ್ಲು ಕೇಳಿದರೆ ಮುಖ ನೋಡಿದ. ನಮ್ಮ ದೇಶದಲ್ಲಿ ಮಾರುವ ತಂಬಾಕಿನ ಮೇಲೆ 2016ರಿಂದ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರಲೇಬೇಕು. ಅದರ ಮೇಲೆ ಚಿತ್ರವೂ ಇಲ್ಲ, ಎಂಆರ್‌ಪಿಯೂ ಇಲ್ಲ. ಯಾವ ದಾರಿಯಲ್ಲಿ ಬಂದದ್ದು ಅಂತ ಹೇಳಬೇಕೇ? ಮನೆಗೆ ತಂದು ತೆಗೆದರೆ ಗಾಳಿ ಎಳೆದುಕೊಳ್ಳುವ ಸದ್ದೇ ಇಲ್ಲ. ಸೀಲು ಯಾವಾಗಲೋ ಹೋಗಿತ್ತು. ಒಳಗೆ ಕಪ್ಪು ಹುಡಿ. ಒದ್ದೆ ಬಟ್ಟೆ ಮುಚ್ಚಿ ಪಸೆ ಕೊಟ್ಟೆ. ಮೆತ್ತಗಾಯಿತು, ವಾಸನೆ ವಾಪಸ್ ಬರಲಿಲ್ಲ. ಫೋನು ಮಾಡಿದರೆ “ಸರ್, ಅದು ಹಾಗೇ ಬರೋದು” ಅಂದ. ಅದು ಹಾಗೆ ಬರುವುದಿಲ್ಲ ಅಂತ ನನಗೆ ಗೊತ್ತು, ಅವನಿಗೂ ಗೊತ್ತು. ಅಂಗಡಿಯಲ್ಲೇ ತೆಗೆದು ತೋರಿಸದಿದ್ದರೆ ದುಡ್ಡು ಕೊಡಬೇಡಿ.

ಆರೋಗ್ಯದ ಮಾತು ಬಿಟ್ಟರೆ ವಿಮರ್ಶೆ ಅರ್ಧ ಸುಳ್ಳಾಗುತ್ತದೆ. ಪೈಪಿನ ಹೊಗೆ ಎದೆಗೆ ಎಳೆಯುವುದಿಲ್ಲ, ಬಾಯಲ್ಲಿ ಆಡಿಸಿ ಬಿಡುವುದು. ಹಾಗಂತ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಭಯ ತಪ್ಪುವುದಿಲ್ಲ. ಮೆತ್ತಗಿನ ರುಚಿ ಅಂದರೆ ಮೆತ್ತಗಿನ ಅಪಾಯ ಅಂತಲ್ಲ. ಹಲ್ಲಿನ ಡಾಕ್ಟರು ಪ್ರತಿ ಸಲ ನನ್ನ ಕೆನ್ನೆಯ ಒಳಗೆ ಟಾರ್ಚ್ ಹಿಡಿದು, “ಬಿಡ್ರೀ ಇನ್ನ” ಅನ್ನುತ್ತಾರೆ. ದಿನಕ್ಕೆ ಒಂದರ ಮೇಲೆ ಹೋಗದಿರುವುದಕ್ಕೆ ಆ ಟಾರ್ಚೂ ಒಂದು ಕಾರಣ. ಸೇದುವ ಚಟ ಇಲ್ಲದವರು ಇದನ್ನು ಓದಿ ಶುರು ಮಾಡುವುದು ಬೇಡವೇ ಬೇಡ.

ಈಗಾಗಲೇ ಪೈಪು ಇರುವವರಿಗೆ ನನ್ನ ಲೆಕ್ಕ ಇಷ್ಟು. ಬೆಳಗ್ಗೆ ಬೇಗ ಏಳುವವರಾದರೆ, ತಿಂಡಿ ತಡವಾದರೆ, ಹೊಗೆ ವಾಸನೆ ಹಿತವಾದರೆ, ಹೊರದೇಶದಿಂದ ಬರುವ ನೆಂಟರು ಇದ್ದರೆ, ತರಿಸಿ. ಲಟಾಕಿಯಾಗೆ ಒಂದು ಪೈಪು ಬೇರೆ ಇಡಿ, ಬೇರೆ ಏನು ತುಂಬಿದರೂ ಇದೇ ವಾಸನೆ ಎದ್ದು ಬರುತ್ತದೆ. ನಾನು ಅಗ್ಗದ ಜೋಳದ ದಿಂಡಿನ ಪೈಪು ಇಟ್ಟಿದ್ದೇನೆ. ಅಮೆರಿಕದಲ್ಲಿ ಮೆಕ್ಕೆಜೋಳದ ದಿಂಡು ಕೊರೆದು ಮಾಡುವಂಥದ್ದು. ಮರದ ಪೈಪಿಗಿಂತ ಅದರಲ್ಲೇ ಇದು ಚೆನ್ನಾಗಿ ಉರಿಯುತ್ತದೆ. ಬೆಂಗಳೂರಿನ ಬೆಲೆಗೆ ಮಾತ್ರ ನಾನು ಮತ್ತೆ ಕೊಳ್ಳುವುದಿಲ್ಲ. ಅರ್ಧ ವರ್ಷ ಬೀರುವಿನಲ್ಲಿ ಕೂರುವ ವಸ್ತುವಿಗೆ ಅಷ್ಟು ದುಡ್ಡು ಯಾಕೆ?

ಈ ಸಲ ಅಕ್ಕನ ಮಗನಿಗೆ ಒಂದು ಇದು, ಒಂದು ಅದೇ ಕಂಪನಿಯ ನೈಟ್‌ಕ್ಯಾಪ್ ಅಂತ ಹೇಳಿದ್ದೇನೆ. ಅದರಲ್ಲಿ ಹೊಗೆಯೂ ಜಾಸ್ತಿ, ಖಡಕ್ಕೂ ಜಾಸ್ತಿ. “ಮಾಮ, ಮಿರ್ಚಿ ಬಿಟ್ರೆ ಒಂದೇ ಡಬ್ಬಿ ಸಾಕಲ್ಲ?” ಅಂದ ಅವನು. ಎರಡೂ ತರಲು ಹೇಳಿದೆ. 125 ಗ್ರಾಂ ಒಳಗೇ ಬರುತ್ತದೆ.