ಒಂದು ಡಬ್ಬ, 14 ಅಳತೆ: ಮೂರು ಕ್ಯಾಡ್‌ಗಳಲ್ಲಿ ಮಾಡಿ ನೋಡಿದೆ

ಎಂಟು ಪ್ಲೈವುಡ್ ಹಲಗೆ. ಎಂಟರಲ್ಲೂ ಹಿಡಿಯ ತೂತು ನಡುವಿನಿಂದ 20 ಮಿ.ಮೀ. ಬಲಕ್ಕೆ ಸರಿದಿದೆ. ಲೇಸರ್ ಯಂತ್ರವನ್ನು ಬೈಯೋಣ ಅಂದರೆ ನಾನು ಕೊಟ್ಟ ಡ್ರಾಯಿಂಗಿನಲ್ಲೇ ಹಾಗಿತ್ತು. ಕ್ಯಾಡ್ (ಕಂಪ್ಯೂಟರಿನಲ್ಲಿ ಅಳತೆ ಕೊಟ್ಟು ಡ್ರಾಯಿಂಗ್ ಮಾಡುವ ಸಾಫ್ಟ್‌ವೇರ್) ಬದಲಿಸುವ ಯೋಚನೆ ಶುರುವಾದದ್ದು ಆ ದಿನ.

ನಾನು ಮಾಡುವುದು ಡ್ರಾಯರ್ ಡಬ್ಬಗಳು. ಆಕಾರ ಒಂದೇ, ಅಳತೆ 14. ಮೂಲೆಗಳಲ್ಲಿ ಹಲ್ಲಿಗೆ ಹಲ್ಲು ಕೂರುವ ಫಿಂಗರ್ ಜಾಯಿಂಟ್. ಅಗಲ, ಆಳ, ಎತ್ತರ, ಪ್ಲೈ ದಪ್ಪ ಈ ನಾಲ್ಕು ಸಂಖ್ಯೆ ಬದಲಿಸಿದರೆ ಉಳಿದದ್ದೆಲ್ಲ ತಾನಾಗಿ ಬದಲಾಗಬೇಕು. ಇಲ್ಲದಿದ್ದರೆ 14 ಸಲ ಒಂದೇ ಡಬ್ಬ ಬರೆಯುತ್ತಾ ಕೂರಬೇಕು.

ಮೂರು ಕಡೆ ಪ್ರಯತ್ನಿಸಿದೆ. ವರ್ಷದ ಚಂದಾ ಕಟ್ಟಿ ಬಳಸುವ ದೊಡ್ಡದೊಂದು ಸಾಫ್ಟ್‌ವೇರ್ (ಹೆಸರು ಬೇಡ), ಫ್ರೀಕ್ಯಾಡ್, ಓಪನ್‌ಎಸ್‌ಕ್ಯಾಡ್. ಮುಚ್ಚುಮರೆ ಯಾಕೆ, ನನಗೆ ಇಷ್ಟವಾದದ್ದು ಕೊನೆಯದು. ಅದರ ಕಿರಿಕಿರಿಗಳನ್ನೂ ಹೇಳುತ್ತೇನೆ.

ಚಂದಾದ ಸಾಫ್ಟ್‌ವೇರ್ ನೋಡೋಕೆ ಚೆಂದ. ಮೌಸಿನಲ್ಲಿ ಗೆರೆ ಎಳೆ, ಅಳತೆ ಕೊಡು, ಕೊನೆಗೆ ಒಂದು ಟೇಬಲ್‌ನಲ್ಲಿ ಎಲ್ಲ ಅಳತೆ ತುಂಬು. ಸಾಲು ಬದಲಿಸಿದರೆ ಡಬ್ಬ ಕಣ್ಣೆದುರೇ ಹಿಗ್ಗುತ್ತದೆ, ಕುಗ್ಗುತ್ತದೆ. ಮೊದಲ ವಾರ ನಾನು ಅದನ್ನೇ ಆಡುತ್ತಾ ಕೂತಿದ್ದೆ, ಸುಮ್ನೆ.

ಎಡವಿದ್ದು ಎಲ್ಲಿ ಅಂತ ಹೇಳುತ್ತೇನೆ. 180 ಮಿ.ಮೀ. ಅಗಲದ ಡಬ್ಬವನ್ನು ಮೊದಲು ಬರೆದೆ. ಹಲ್ಲೊಂದಕ್ಕೆ 20 ಮಿ.ಮೀ., ಒಟ್ಟು 9 ಹಲ್ಲು. ಹಿಡಿಗೆ ಎರಡು ತೂತು, ನಡುವಿನ ಅಂತರ 96 ಮಿ.ಮೀ. ಈ ಜೋಡಿ ಹಲಗೆಯ ಮಧ್ಯಕ್ಕೆ ಬರಬೇಕು. ನಾನೇನು ಮಾಡಿದೆ? ಕೈಗೆ ಹತ್ತಿರ ಸಿಕ್ಕ ಗೆರೆಯನ್ನು ಹಿಡಿದೆ. ನಡುವಿನ ಹಲ್ಲಿನ ಎಡ ಅಂಚಿನಿಂದ 10 ಮಿ.ಮೀ. ಆಚೆ ಮಧ್ಯ ಅಂತ ಅಳತೆ ಕೊಟ್ಟೆ. 180ಕ್ಕೆ ಲೆಕ್ಕ ಸರಿಯಾಗಿತ್ತು.

220 ಮಾಡಿದಾಗ ಹಲ್ಲು 11 ಆಯಿತು. ನನಗೆ ಅದು 'ನಡುವಿನ ಹಲ್ಲಿನ ಎಡ ಅಂಚು'. ಸಾಫ್ಟ್‌ವೇರಿಗೆ ಅದು ಯಾವುದೋ ನಂಬರಿನ ಅಂಚು, ಅಷ್ಟೇ. ಆಕಾರವನ್ನು ಪ್ರತಿ ಸಲ ಹೊಸದಾಗಿ ಕಟ್ಟುವಾಗ ಅಂಚುಗಳಿಗೆ ಹೆಸರೂ ಹೊಸದಾಗಿ ಬೀಳುತ್ತದೆ. ಹಲ್ಲು ಜಾಸ್ತಿಯಾದರೆ ಅಂಚುಗಳೂ ಜಾಸ್ತಿ, ಹೆಸರುಗಳು ಆಚೀಚೆ. ನನ್ನ ಅಳತೆ ಹೋಗಿ ಪಕ್ಕದ ಅಂಚಿಗೆ ಅಂಟಿಕೊಂಡಿತು. ಮಧ್ಯ 110ರಲ್ಲಿ ಇರಬೇಕಾದದ್ದು 130ಕ್ಕೆ ಹೋಯಿತು. ಸರಿಯಾಗಿ ಒಂದು ಹಲ್ಲಿನ ಅಗಲ.

ಒಂದು ಕೆಂಪು ಗುರುತಾದರೂ ಬಂದಿದ್ದರೆ ನೋಡುತ್ತಿದ್ದೆ. ಬರಲಿಲ್ಲ. ಕತ್ತರಿಸಲು ಕಳಿಸುವ ಮೊದಲು ನಾನು ಅಳೆದೂ ನೋಡಿದ್ದೆ. ಆದರೆ ಅಳೆದದ್ದು ತೂತಿನಿಂದ ತೂತಿಗೆ. 96 ಬಂತು, ಖುಷಿಯಾಯಿತು. ಎರಡೂ ತೂತು ಕೈ ಕೈ ಹಿಡಿದುಕೊಂಡೇ ಸರಿದಿದ್ದರೆ ಅಂತರ 96ಕ್ಕಿಂತ ಬೇರೆ ಬರುವುದು ಹೇಗೆ, ಅಲ್ವಾ?

ಅಳತೆಯನ್ನು ಹಲಗೆಯ ಮಧ್ಯರೇಖೆಯಿಂದ ಕೊಟ್ಟಿದ್ದರೆ ಇದಾಗುತ್ತಿರಲಿಲ್ಲ. ತಪ್ಪಿನಲ್ಲಿ ಅರ್ಧಕ್ಕಿಂತ ಜಾಸ್ತಿ ನನ್ನದೇ. ಆದರೆ ಮೌಸ್ ಕೈಯಲ್ಲಿದ್ದಾಗ ಹತ್ತಿರದ ಗೆರೆಯನ್ನು ಒತ್ತುವುದೇ ಸುಲಭ, ಮತ್ತೆ ಮತ್ತೆ ಅದನ್ನೇ ಮಾಡುತ್ತೇವೆ. ಇನ್ನೊಂದು ವಿಷಯ: ಚಂದಾ ಮುಗಿದ ಮೇಲೆ ನನ್ನದೇ ಫೈಲನ್ನು ತೆರೆದು ನೋಡಬಹುದು, ತಿದ್ದುವಂತಿಲ್ಲ. ನಾನು ಮತ್ತೆ ಕಟ್ಟಲಿಲ್ಲ.

ಫ್ರೀಕ್ಯಾಡ್‌ಗೆ ದುಡ್ಡು ಬೇಡ. ಒಳಗೇ ಸ್ಪ್ರೆಡ್‌ಶೀಟ್ ಇದೆ. ಒಂದು ಕೋಶಕ್ಕೆ 'ಅಗಲ' ಅಂತ ಹೆಸರಿಟ್ಟು ಆ ಹೆಸರನ್ನು ಸ್ಕೆಚ್‌ನ ಅಳತೆಗೆ ಕಟ್ಟಬಹುದು. ಅಳತೆಗಳ ಪಟ್ಟಿ ಮಾಡಿಟ್ಟು ಒಂದನ್ನು ಆರಿಸಿಕೊಳ್ಳುವ ಸೌಲಭ್ಯವೂ ಇದೆ. ಅಂಚಿನ ಹೆಸರು ಬದಲಾಗುವ ಈ ಕಾಯಿಲೆಗೆ ಅಲ್ಲಿ ಟೊಪೊಲಾಜಿಕಲ್ ನೇಮಿಂಗ್ ಸಮಸ್ಯೆ ಅಂತಲೇ ಹೆಸರು, ವರ್ಷಗಟ್ಟಲೆ ಅದರದ್ದೇ ಮಾತು. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಲ್ಲಿ ಬಹಳಷ್ಟು ತಗ್ಗಿದೆ. ಪೂರ್ತಿ ಮರೆತು ಕೂರುವಂತಿಲ್ಲ. ಡ್ರಾಯಿಂಗ್ ಹಾಳೆ ಬೇಕು, ಸಿಎನ್‌ಸಿ ಮಿಲ್ಲಿಂಗಿಗೆ (ಕಂಪ್ಯೂಟರ್ ನಡೆಸುವ ಯಂತ್ರದಲ್ಲಿ ಕೊರೆಯುವುದಕ್ಕೆ) ಸ್ಟೆಪ್ ಫೈಲ್, ಅಂದರೆ ಮೂರು ಆಯಾಮದ ಆಕಾರವನ್ನು ಬೇರೆ ಸಾಫ್ಟ್‌ವೇರಿಗೆ ಒಯ್ಯುವ ಫೈಲ್, ಬೇಕು ಅಂದರೆ ನಾನು ಈಗಲೂ ಹೋಗುವುದು ಇಲ್ಲಿಗೇ. ಡಬ್ಬದ ಮೂಲೆಗೆ ಹಾಕುವ ಅಲ್ಯೂಮಿನಿಯಂ ಕ್ಲಿಪ್ ಇದರಲ್ಲೇ ಇದೆ.

ಓಪನ್‌ಎಸ್‌ಕ್ಯಾಡ್‌ನಲ್ಲಿ ಗೆರೆ ಎಳೆಯುವ ಮಾತೇ ಇಲ್ಲ. ಎಲ್ಲ ಬರೆಯಬೇಕು. ತೂತು ಎಲ್ಲಿ ಅಂದರೆ ಅಗಲದ ಅರ್ಧ, ಅದರಿಂದ ಆಚೆಗೆ 48, ಈಚೆಗೆ 48. ಒತ್ತಲು ಅಂಚೇ ಇಲ್ಲ, ತಪ್ಪು ಅಂಚನ್ನು ಒತ್ತುವುದೆಲ್ಲಿಂದ ಬಂತು? ಎಲ್ಲಿಂದ ಅಳೆಯುತ್ತಿದ್ದೇನೆ ಅಂತ ಪ್ರತಿ ಸಲ ನಾನೇ ಹೇಳಬೇಕು. ನನ್ನಂಥ ಅವಸರದವನಿಗೆ ಆ ಒತ್ತಾಯ ಒಳ್ಳೆಯದೇ ಆಯಿತು.

ಪ್ಲೈ ದಪ್ಪದ್ದೂ ಹಾಗೆಯೇ. 6 ಮಿ.ಮೀ. ಅಂತ ತಂದ ಹಾಳೆಗೆ ವರ್ನಿಯರ್ ಹಿಡಿದರೆ ಒಮ್ಮೆ 5.6, ಇನ್ನೊಮ್ಮೆ 5.8. ಹಲ್ಲಿನ ಉದ್ದ ಅದರ ಮೇಲೇ ನಿಂತಿದೆ. ಹೊಸ ಹಾಳೆ ಬಂದ ದಿನ ಫೈಲಿನ ಮೇಲಿನ ಸಾಲಿನಲ್ಲಿ ಒಂದು ಸಂಖ್ಯೆ ತಿದ್ದುತ್ತೇನೆ. ಲೇಸರ್ ಸುಟ್ಟು ತಿನ್ನುವ ಅಗಲಕ್ಕೂ ಪಕ್ಕದಲ್ಲೇ ಒಂದು ಸಂಖ್ಯೆ. 14 ಅಳತೆಯ ಪಟ್ಟಿ ಬೇರೆ ಫೈಲಿನಲ್ಲಿದೆ. ಕಮಾಂಡ್ ಲೈನಿನಿಂದ ಒಂದು ಸಣ್ಣ ಸ್ಕ್ರಿಪ್ಟ್ ಓಡಿಸಿದರೆ 14 ಡಿಎಕ್ಸ್‌ಎಫ್ ಫೈಲುಗಳು (ಲೇಸರ್ ಕತ್ತರಿಸಲು ಕೊಡುವ ಚಪ್ಪಟೆ ಡ್ರಾಯಿಂಗ್) ಸಾಲಾಗಿ ಬಂದು ಬೀಳುತ್ತವೆ.

ಕಿರಿಕಿರಿಗಳು? ಇವೆ. ಸ್ಟೆಪ್ ಫೈಲ್ ಕೊಡುವುದಿಲ್ಲ. ಅಳತೆ ತೋರಿಸುವ ಡ್ರಾಯಿಂಗ್ ಹಾಳೆ ಇಲ್ಲ. ಮೂರು ಆಯಾಮದ ಆಕಾರದ ಅಂಚನ್ನು ಉರುಟು ಮಾಡುವುದು ತಲೆನೋವು. ಡಿಎಕ್ಸ್‌ಎಫ್‌ನಲ್ಲಿ ವೃತ್ತ ವೃತ್ತವಾಗಿ ಹೋಗದೆ ಚಿಕ್ಕ ಚಿಕ್ಕ ಗೆರೆಗಳ ತುಂಡಾಗಿ ಹೋಗುತ್ತದೆ. ಕತ್ತರಿಸುವವರು ಒಮ್ಮೆ ಫೋನ್ ಮಾಡಿ "ಏನ್ರೀ ಇದು, ತೂತಿಗೆ ಮೂಲೆ ಇದೆಯಲ್ಲ" ಅಂದರು. ತುಂಡುಗಳ ಸಂಖ್ಯೆ ಹೆಚ್ಚಿಸಿದ ಮೇಲೆ ಮತ್ತೆ ಫೋನ್ ಬಂದಿಲ್ಲ.

ನನಗೆ ಕೀಬೋರ್ಡ್ ರೂಢಿ, ಸಾಫ್ಟ್‌ವೇರಿಗೆ ಎತ್ತಿಟ್ಟ ದುಡ್ಡು ಸೊನ್ನೆ, ಕತ್ತರಿಸುವುದು ಚಪ್ಪಟೆ ಹಲಗೆ. ಅದಕ್ಕೇ ಓಪನ್‌ಎಸ್‌ಕ್ಯಾಡ್. ನಾಲ್ಕು ಜನ ಕೂತು ಒಂದೇ ಮಾಡೆಲ್ ತಿದ್ದುವ ಕಡೆ ಚಂದಾದ್ದೇ ಸರಿ ಇರಬಹುದು. ಕೋಡ್ ಕಂಡರೆ ಆಗದವರಿಗೆ ಫ್ರೀಕ್ಯಾಡ್. ಮಧ್ಯರೇಖೆಯಿಂದ ಅಳೆಯಿರಿ, ಅಷ್ಟೇ.

ಅಂದ ಹಾಗೆ ಆ ಎಂಟು ಹಲಗೆ ಹಾಳಾಗಲಿಲ್ಲ. ತೂತಿನ ಮಧ್ಯ ಎಡದಿಂದ 130, ಬಲದಿಂದ 90. ಎಡಗಡೆ 40 ಮಿ.ಮೀ. ತೆಗೆದರೆ ಉಳಿಯುವುದು 180, ತೂತು ಸರಿಯಾಗಿ ಮಧ್ಯಕ್ಕೆ. 40 ಅಂದರೆ ಎರಡು ಹಲ್ಲು, ಹಾಗಾಗಿ ಕೆಳಗಿನ ಅಂಚಿನ ಹಲ್ಲುಗಳೂ ತಪ್ಪಲಿಲ್ಲ. ಎಡಬದಿಯ ಹಲ್ಲನ್ನು ಮಾತ್ರ ಹೊಸದಾಗಿ ಕತ್ತರಿಸಿಕೊಂಡೆ. ಎಂಟೂ 180ರ ಡಬ್ಬಗಳಿಗೆ ಹೋದವು.