ಆಳಸಮುದ್ರದ ಹೊಕ್ಕುಳಬಳ್ಳಿ: ಸ್ಟೀಲ್ ಟ್ಯೂಬೋ, ಹೋಸೋ?

ಕಾಕಿನಾಡದ ಆಚೆ, ಕೃಷ್ಣಾ-ಗೋದಾವರಿ ಕಡಲ ಬ್ಲಾಕ್ ಕೆಜಿ-ಡಿ6ರ ಆರ್ ಕ್ಲಸ್ಟರ್ ಎಂಬ ಬಾವಿಗಳ ಗುಂಪು 2020ರ ಡಿಸೆಂಬರಿನಿಂದ ಅನಿಲ ಕೊಡುತ್ತಿದೆ. ಬಾವಿಗಳು 2000 ಮೀಟರಿಗಿಂತ ಆಳದಲ್ಲಿವೆ, ಕಂಟ್ರೋಲ್ ಪ್ಲಾಟ್‌ಫಾರ್ಮ್ ಸುಮಾರು 60 ಕಿ.ಮೀ. ದೂರದಲ್ಲಿದೆ. ಅಂಬಿಲಿಕಲ್, ಅಂದರೆ ಪ್ಲಾಟ್‌ಫಾರ್ಮಿನಿಂದ ಬಾವಿಗೆ ಹೋಗುವ ಕೊಳವೆ-ತಂತಿಗಳ ಕಟ್ಟು, ಕೊಳ್ಳುವವರು ಇಂಥ ಆಳ, ಇಂಥ ದೂರವನ್ನು ಮುಂದಿಟ್ಟುಕೊಂಡೇ ಲೆಕ್ಕ ಹಾಕಬೇಕು. ವಾಲ್ವು ನಡೆಸುವ ಹೈಡ್ರಾಲಿಕ್ ದ್ರವ, ಅನಿಲದ ಲೈನಿನಲ್ಲಿ ಹಿಮದಂಥ ಗಡ್ಡೆ ಕಟ್ಟದಂತೆ ತಡೆಯುವ ಮೆಥನಾಲ್, ವಿದ್ಯುತ್, ಫೈಬರ್ ಎಲ್ಲವೂ ಈ ಒಂದೇ ಹಗ್ಗದಲ್ಲಿ ಹೋಗುತ್ತವೆ.

ಥರ್ಮೋಪ್ಲಾಸ್ಟಿಕ್ ಹೋಸ್ ಎಂದರೆ ಒಳಗೆ ನೈಲಾನ್-11 ಕೊಳವೆ, ಅದರ ಮೇಲೆ ಅರಮಿಡ್ (ಕೆವ್ಲಾರ್ ಬಗೆಯ ಗಟ್ಟಿ) ನಾರಿನ ಹೆಣಿಗೆ, ಹೊರಗೆ ಹೊದಿಕೆ. ಅಗ್ಗ, ಹಗುರ, ಸುಲಭವಾಗಿ ಬಾಗುತ್ತದೆ. ಕಡಿಮೆ ಆಳದಲ್ಲಿ, ಹತ್ತಿರದ ಬಾವಿಗೆ, ಇದನ್ನು ಬಿಟ್ಟು ದುಬಾರಿ ಮಾಲಿಗೆ ಹೋಗುವುದು ದುಂದು. ಆಳಕ್ಕೆ ಹೋದಾಗ ಲೆಕ್ಕ ತಿರುಗುತ್ತದೆ. 2000 ಮೀಟರಿನಲ್ಲಿ ಕಡಲ ಒತ್ತಡ ಸುಮಾರು 200 ಬಾರ್. ಅಷ್ಟೇ ಎತ್ತರದ ಮೆಥನಾಲ್ ಒಳಗಿನಿಂದ ಕೊಡುವುದು 155 ಬಾರ್. ಮೇಲೆ ಪಂಪ್ ನಿಲ್ಲಿಸಿ ಲೈನಿನ ಒತ್ತಡ ಇಳಿಸಿದರೆ ಮಿಕ್ಕ 45 ಬಾರ್ ಹೋಸನ್ನು ಹೊರಗಿನಿಂದ ಹಿಸುಕುತ್ತದೆ. ಒಳಗೆ ಸ್ಟೇನ್‌ಲೆಸ್ ಸುರುಳಿ ಇರುವ ಹೋಸ್ ಇದನ್ನು ತಡೆದುಕೊಳ್ಳುತ್ತದೆ, ಸಾದಾ ಹೋಸ್ ಚಪ್ಪಟೆಯಾಗುತ್ತದೆ. ಇನ್ನೊಂದು ತೊಂದರೆ, ಮೆಥನಾಲ್ ನೈಲಾನಿನ ಗೋಡೆಯಿಂದ ನಿಧಾನಕ್ಕೆ ಜಿನುಗಿ ಪಕ್ಕದ ಹೈಡ್ರಾಲಿಕ್ ಲೈನಿಗೆ ಸೇರುತ್ತದೆ. ಮೆಥನಾಲ್ ಸಾಗಿಸಲೇಬೇಕಾದರೆ ಕ್ರಾಸ್‌ಲಿಂಕ್ ಪಾಲಿಥೀನ್ ಕೊಳವೆ ಕೇಳಿ.

ಸೂಪರ್ ಡ್ಯೂಪ್ಲೆಕ್ಸ್ (ತುಕ್ಕು ತಡೆಯುವ ಗಟ್ಟಿ ಸ್ಟೇನ್‌ಲೆಸ್) ಸ್ಟೀಲ್ ಟ್ಯೂಬಿನಲ್ಲಿ ಈ ಎರಡೂ ತಲೆನೋವಿಲ್ಲ. ಗೋಡೆ ಹಿಗ್ಗದ ಕಾರಣ ಒತ್ತಡದ ಅಲೆ ಬೇಗ ತಲುಪುತ್ತದೆ. ಆದರೂ 60 ಕಿ.ಮೀ. ದಾಟಲು ಅಲೆಗೇ 40 ಸೆಕೆಂಡು ಬೇಕು! ಅದಕ್ಕೇ ಬಾವಿಯ ವಾಲ್ವಿಗೆ ಆಜ್ಞೆಯನ್ನು ತಂತಿಯಲ್ಲಿ ಕಳಿಸಿ, ಒತ್ತಡವನ್ನು ಕೆಳಗಿನ ಅಕ್ಯುಮುಲೇಟರಿನಲ್ಲಿ (ಒತ್ತಡ ಕೂಡಿಡುವ ಸಿಲಿಂಡರ್) ತುಂಬಿಟ್ಟಿರುವುದು. ಬೆಲೆ ಜಾಸ್ತಿ, ತೂಕವೂ ಜಾಸ್ತಿ. ರೀಲಿಗೆ ಸುತ್ತುವಾಗ ಕನಿಷ್ಠ ಬಾಗು ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಿಸಿದರೆ ಲೋಹ ಮತ್ತೆ ನೆಟ್ಟಗಾಗುವುದಿಲ್ಲ. ತೇಲುವ ಹಡಗಿಗೆ ಕಟ್ಟಿದರೆ ತೂಗುವ ಭಾಗದಲ್ಲಿ ಫಟೀಗ್ (ಪದೇ ಪದೇ ಬಾಗಿ ಲೋಹ ದಣಿಯುವುದು) ಲೆಕ್ಕ ಬೇರೆಯೇ ಆಗಬೇಕು.

ಇಷ್ಟೆಲ್ಲ ಚರ್ಚೆ ಹಗ್ಗದ ಮೈ ಬಗ್ಗೆ. ಕೈಕೊಡುವುದು ಬಹುಪಾಲು ತುದಿಗಳೇ. ಟರ್ಮಿನೇಷನ್ನಿನಲ್ಲಿ, ಅಂದರೆ ಹಗ್ಗ ಮುಗಿದು ಉಪಕರಣಕ್ಕೆ ಸೇರುವ ಕಡೆ, ವೆಲ್ಡುಗಳು ಒಂದೇ ಕಡೆ ಗುಂಪಾಗಿರುತ್ತವೆ. ತುಕ್ಕು ತಡೆಯುವ ಅಲ್ಯೂಮಿನಿಯಂ ಆನೋಡಿನಿಂದ ಹುಟ್ಟುವ ಹೈಡ್ರೋಜನ್, ಎಳೆತದಲ್ಲಿರುವ ಸೂಪರ್ ಡ್ಯೂಪ್ಲೆಕ್ಸ್ ವೆಲ್ಡಿನಲ್ಲಿ ಬಿರುಕು ತರಬಲ್ಲದು. ಕೇಬಲ್ ಸ್ಪ್ಲೈಸಿಗೆ (ತಂತಿಗಳ ಕೂಡಿಕೆಗೆ) ನೀರು ಹೊಕ್ಕರೆ ಇನ್ಸುಲೇಷನ್ ರೆಸಿಸ್ಟೆನ್ಸ್ ದಿನದಿನಕ್ಕೂ ಇಳಿಯುತ್ತದೆ. ಹಾಗಾಗಿ ಒಂದು ದಿನದ ಅಂಕಿ ನೋಡಿ ಸಮಾಧಾನಪಡಬಾರದು, ತಿಂಗಳುಗಟ್ಟಲೆ ಇಳಿಜಾರು ನೋಡಬೇಕು.

ಕೊಳವೆಗಳನ್ನೆಲ್ಲ ಒಟ್ಟಿಗೆ ಜೋಡಿಸುವ ಕಪ್ಲರ್ ಪ್ಲೇಟನ್ನು ಮುಚ್ಚಳವಿಲ್ಲದೆ ಕೆಳಗೆ ಬಿಟ್ಟರೆ ಅದೇ ಆನೋಡ್ ವ್ಯವಸ್ಥೆಯಿಂದ ಸುಣ್ಣದ ಪದರ ಕಟ್ಟುತ್ತದೆ. ಆಮೇಲೆ ಆರ್‌ಒವಿ (ದೂರದಿಂದ ನಡೆಸುವ ನೀರೊಳಗಿನ ರೋಬೋ) ಎಷ್ಟು ಟಾರ್ಕ್ ಕೊಟ್ಟರೂ ಪ್ಲೇಟ್ ಪೂರ್ತಿ ಕೂರದು, ಸೀಲ್ ಮಾತ್ರ ಹರಿಯುತ್ತದೆ. ಮೊದಲು ಸಿಟ್ರಿಕ್ ಅಥವಾ ಅಸೆಟಿಕ್ ಆಮ್ಲ ಹರಿಸಿ ಸುಣ್ಣ ಕರಗಿಸಬೇಕು. ಮುಚ್ಚಳವಾಗಿ ಹಾಕುವ ಡಮ್ಮಿ ಪ್ಲೇಟಿನ ಖರ್ಚು ಇದರ ಮುಂದೆ ಏನೇನೂ ಅಲ್ಲ. ಕೊಟೇಷನ್ನಿನಲ್ಲಿ ಅದು ಇಲ್ಲದಿದ್ದರೆ ಸೇರಿಸಿ.

ಮಾಲು ಒಪ್ಪಿಕೊಳ್ಳುವ ಮುನ್ನ ಅಂಬಿಲಿಕಲ್‌ಗಳ ಮಾನದಂಡ ಐಎಸ್‌ಒ 13628-5ರ ಪ್ರಕಾರದ ಪರೀಕ್ಷಾ ದಾಖಲೆ ಕೇಳಿ. ದ್ರವದ ಸ್ವಚ್ಛತೆ ಎಎಸ್4059 (ದ್ರವದಲ್ಲಿರುವ ಕಣಗಳನ್ನೆಣಿಸುವ ಮಾನದಂಡ) ಕ್ಲಾಸ್ 6 ಇರಲಿ, ಸ್ಯಾಂಪಲ್ಲನ್ನು ಪಂಪಿನ ಬಳಿ ಅಲ್ಲ, ದೂರದ ತುದಿಯಿಂದ ತೆಗೆಯಿಸಿ. ಒತ್ತಡ ಹಿಡಿಸುವಾಗ ಹೋಸ್ ಹಿಗ್ಗುತ್ತಲೇ ಇರುವುದರಿಂದ ಮೊದಲ ಇಳಿತವನ್ನು ಸೋರಿಕೆ ಅಂದುಕೊಳ್ಳಬೇಡಿ. ನೆಲೆಗೊಂಡ ಮೇಲೆ ಅಳೆಯಿರಿ. ಸ್ಟೀಲ್ ಟ್ಯೂಬಿನಲ್ಲಿ ತದ್ವಿರುದ್ಧ: ಬಿಸಿಲೇರಿದಂತೆ ಒತ್ತಡ ಏರಿ ಸಣ್ಣ ಸೋರಿಕೆಯನ್ನು ಮುಚ್ಚಿಹಾಕುತ್ತದೆ. ಉಷ್ಣಾಂಶದ ಕಾಲಮ್ ಇಲ್ಲದ ಚಾರ್ಟಿಗೆ ಸಹಿ ಹಾಕಬೇಡಿ.