ಪೈನ್ ಬ್ಯಾರನ್ಸ್‌ನಲ್ಲಿ ಟೆಂಟ್ ಬುಕ್ ಮಾಡುವ ಮುಂಚೆ ದಾರಿ ಯಾವುದು ಅಂತ ಕೇಳಿ

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಲಾಂಗ್ ವೀಕೆಂಡ್‌ಗೆ ಎಲ್ಲಿಗಾದರೂ ಕರೆದುಕೊಂಡು ಹೋಗೋಣ ಅಂತ ಹುಡುಕುತ್ತಿರುವ ನ್ಯೂ ಜೆರ್ಸಿಯ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೋದ ವರ್ಷ ಮೇ ಕೊನೆಯಲ್ಲಿ ನಾವು ದಕ್ಷಿಣದ ಪೈನ್ ಬ್ಯಾರನ್ಸ್ ಕಾಡಿನಲ್ಲಿ ಒಂದು ಗ್ಲ್ಯಾಂಪಿಂಗ್ ಟೆಂಟ್ ಬುಕ್ ಮಾಡಿದ್ದೆವು. ಎರಡು ರಾತ್ರಿಗೆ 480 ಡಾಲರ್. ಫೋಟೋದಲ್ಲಿ ಬಿಳಿ ಟೆಂಟ್, ಒಳಗೆ ದೊಡ್ಡ ಮಂಚ, ಹೊರಗೆ ಬೆಂಕಿ ಹಾಕಿಕೊಂಡು ಸುತ್ತ ಕೂರುವ ಜಾಗ. ಕೊನೆಗೆ ನಾವು ಅಲ್ಲಿ ಮಲಗಿದ್ದು ಒಂದೇ ರಾತ್ರಿ. ಆ ಜಾಗದ ಹೆಸರು ಹಾಕುತ್ತಿಲ್ಲ. ಇದು ಆ ಕಾಡಿನಲ್ಲಿ ಯಾವ ಜಾಗ ಬುಕ್ ಮಾಡಿದರೂ ಆಗಬಹುದಾದದ್ದು.

ಎಡಿಸನ್‌ನಿಂದ ಸುಮಾರು ಒಂದೂವರೆ ಗಂಟೆ ದಾರಿ. 206ನೇ ರಸ್ತೆಯಲ್ಲಿ ಹೋಗುತ್ತಾ ಹೋಗುತ್ತಾ ಮನೆಗಳು ಕಡಿಮೆಯಾಗಿ, ಎರಡೂ ಕಡೆ ಬರೀ ಪೈನ್ ಮರಗಳು. ಅಮ್ಮನಿಗಂತೂ ತುಂಬಾ ಖುಷಿ. ಟೆಂಟಿಗೆ ಇನ್ನು ಮೂರು ಮೈಲಿ ಇದ್ದಾಗ ಫೋನಿನ ಮ್ಯಾಪ್ ಎಡಕ್ಕೆ ತಿರುಗಿ ಎಂದಿತು. ಮಣ್ಣಿನ ರಸ್ತೆ. ಮೊದಲು ಗಟ್ಟಿಯಾಗಿಯೇ ಇತ್ತು. ಫೋನ್ ಮಾಡಿ ಕೇಳಿದಾಗ "ಎಲ್ಲ ಗಾಡಿಗಳೂ ಬರುತ್ತವೆ" ಅಂತ ಮಾಲೀಕರು ಹೇಳಿದ್ದರು. ಹಾಗಾಗಿ ಮುಂದೆ ಹೋದೆವು.

ಒಂದು ಮೈಲಿ ಹೋಗಿರಬಹುದು. ನೆಲದ ಬಣ್ಣ ಬಿಳಿಯಾಯಿತು. ಅಲ್ಲಿಯವರು ಇದಕ್ಕೆ ಶುಗರ್ ಸ್ಯಾಂಡ್ ಅನ್ನುತ್ತಾರೆ. ಕೈಯಲ್ಲಿ ಹಿಡಿದರೆ ನಿಜವಾಗಿಯೂ ಸಕ್ಕರೆಯ ಹಾಗೆ ಬೆರಳ ಸಂದಿಯಿಂದ ಸುರಿದುಹೋಗುತ್ತದೆ. ಮಿನಿವ್ಯಾನ್ ಮುಂದಿನ ಚಕ್ರಗಳು ಗರಗರ ತಿರುಗಿದವು, ಗಾಡಿ ಮಾತ್ರ ಅಲ್ಲೇ. ನನ್ನ ಗಂಡ ಇನ್ನಷ್ಟು ಆಕ್ಸಿಲರೇಟರ್ ಒತ್ತಿದರು. ಹಿಂದಿನ ಸೀಟಿನಿಂದ ಅಪ್ಪ, "ನಿಲ್ಸಿ ನಿಲ್ಸಿ, ಇನ್ನೂ ಹೂತ್ಕೊಳ್ತಿದೆ" ಅಂತ ಕೂಗಿದರು. ಇಳಿದು ನೋಡಿದರೆ ಅರ್ಧ ಚಕ್ರ ಒಳಗೆ. ಗಾಡಿಯ ಹೊಟ್ಟೆ ಮರಳಿನ ಮೇಲೆ ಕೂತಿತ್ತು.

ಫೋನಿನಲ್ಲಿ ಒಂದು ಕಡ್ಡಿ ಸಿಗ್ನಲ್ ಕೂಡ ಇಲ್ಲ. ಸಂಜೆ ಆರೂವರೆ. ಆರು ವರ್ಷದ ಮಗಳು, ಎಪ್ಪತ್ತು ದಾಟಿದ ಅಪ್ಪ ಅಮ್ಮ. ಗಂಡ ಮುಖ್ಯ ರಸ್ತೆವರೆಗೆ ನಡೆದು ಹೋಗಿ ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಫೋನ್ ಮಾಡಿದರು. ಡಾಂಬರು ರಸ್ತೆ ಬಿಟ್ಟು ಒಳಗೆ ಬರುವುದಿಲ್ಲ ಎಂದರು. ಮಾಲೀಕರು ಫೋನ್ ಎತ್ತಲಿಲ್ಲ. ಆ ಒಂದೂವರೆ ಗಂಟೆ ನಾನು ಇಬ್ಬರು ವಯಸ್ಸಾದವರನ್ನೂ ಮಗುವನ್ನೂ ಇಟ್ಟುಕೊಂಡು ಆ ಕಾಡಿನಲ್ಲಿ ನಿಂತಿದ್ದೆ. ಆ ಭಯ ಯಾರಿಗೂ ಬೇಡ.

ಎಂಟು ಗಂಟೆಗೆ ಆ ಕಡೆಯವರೇ ಒಬ್ಬರು ಪಿಕಪ್‌ನಲ್ಲಿ ಬಂದರು. ಮೊದಲು ಮಾಡಿದ ಕೆಲಸ ಟೈರಿನ ಗಾಳಿ ಬಿಟ್ಟಿದ್ದು. 35 ಇದ್ದದ್ದನ್ನು 20ಕ್ಕೆ ಇಳಿಸಿದರು. ಗಾಳಿ ಕಡಿಮೆಯಾದರೆ ಟೈರ್ ಅಗಲವಾಗಿ ಮರಳಿನ ಮೇಲೆ ಕೂರುತ್ತದೆ, ಕೊರೆಯುವುದಿಲ್ಲ. ಚಕ್ರದ ಹಿಂದಿನ ಮರಳನ್ನು ಕೈಯಿಂದ ತೋಡಿ, ಕಾಲ ಕೆಳಗಿನ ಮ್ಯಾಟ್‌ಗಳನ್ನು ಅಲ್ಲಿ ತುರುಕಿ, ಬೆಲ್ಟ್ ಕಟ್ಟಿ ಬಂದ ದಾರಿಯಲ್ಲೇ ಹಿಂದಕ್ಕೆ ಎಳೆದರು. ಒಂದು ಡಾಲರ್ ಕೂಡ ತೆಗೆದುಕೊಳ್ಳಲಿಲ್ಲ. ಟೆಂಟಿಗೆ ಇನ್ನೊಂದು ಕಡೆಯಿಂದ ಜಲ್ಲಿ ಹಾಕಿದ ರಸ್ತೆ ಇದೆ ಅಂತ ನಮಗೆ ಹೇಳಿದವರೂ ಅವರೇ. ಮಾಲೀಕರು ಆ ಒಂದು ಸಾಲನ್ನು ಬುಕಿಂಗ್ ಮೆಸೇಜಿನಲ್ಲಿ ಹಾಕಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ ಅಲ್ವಾ?

ನಮ್ಮ ಕಡೆಯ ಕೆಸರಿಗೆ ಈ ಮರಳು ಪೂರ್ತಿ ಉಲ್ಟಾ. ಮಳೆ ಬಂದ ಮಾರನೇ ದಿನ ಗಟ್ಟಿಯಾಗಿರುತ್ತದೆ, ಒಣಗಿದಾಗಲೇ ಗಾಡಿ ಹೂತುಕೊಳ್ಳುವುದು. ಬಿಸಿಲಿದೆ, ರಸ್ತೆ ಒಣಗಿದೆ ಅಂತ ಧೈರ್ಯ ಮಾಡಬೇಡಿ. ಬಾಡಿಗೆ ಗಾಡಿಯಾದರೆ ಇಂಥ ರಸ್ತೆಗೆ ಇನ್ಶೂರೆನ್ಸ್ ಇದೆಯಾ ಅಂತ ಮೊದಲೇ ನೋಡಿ. ವಾರ್ಟನ್ ಸ್ಟೇಟ್ ಫಾರೆಸ್ಟ್ ಒಂದರಲ್ಲೇ ನೂರಾರು ಮೈಲಿ ಇಂಥ ದಾರಿಗಳಿವೆ. ಮ್ಯಾಪಿಗೆ ಅವೆಲ್ಲ ರಸ್ತೆಗಳೇ.

ಕತ್ತಲಾದ ಮೇಲೆ ಟೆಂಟ್ ತಲುಪಿದೆವು. ಬೆಂಕಿ ಹಾಕುವ ಜಾಗದ ಮೇಲೆ ಒಂದು ಕಾಗದ ಅಂಟಿಸಿದ್ದರು: ಬೆಂಕಿ ನಿಷೇಧ. ಕೆಂಡದ ಮೇಲೆ ಜೋಳ ಸುಟ್ಟುಕೊಡುತ್ತೇನೆ ಅಂತ ಅಪ್ಪ ಮೊಮ್ಮಗಳಿಗೆ ವಾರದಿಂದ ಹೇಳಿದ್ದರು. ಬ್ರೆಡ್, ಚಟ್ನಿಪುಡಿ, ಮೊಸರು ತಿಂದು ಮಲಗಿದೆವು.

ನಿಷೇಧದ ಬಗ್ಗೆ ನನಗೆ ಒಂದು ಚೂರೂ ಬೇಸರವಿಲ್ಲ. ಆ ಮರಳಿನಲ್ಲಿ ನೀರು ನಿಲ್ಲುವುದೇ ಇಲ್ಲ, ಕೆಳಗೆ ಇಳಿದುಹೋಗುತ್ತದೆ. ಮೇಲೆ ಬಿದ್ದ ಪೈನ್ ಎಲೆಗಳು ಎರಡೇ ದಿನದಲ್ಲಿ ಗರಿಗರಿ ಒಣಗುತ್ತವೆ. 2022ರ ಜೂನ್‌ನಲ್ಲಿ ಮಲ್ಲಿಕಾ ನದಿಯ ಹತ್ತಿರ 13,000 ಎಕರೆಗೂ ಜಾಸ್ತಿ ಕಾಡು ಸುಟ್ಟಿತು. 2025ರ ಏಪ್ರಿಲ್‌ನಲ್ಲಿ ಓಷನ್ ಕೌಂಟಿಯಲ್ಲಿ 15,000 ಎಕರೆ ದಾಟಿತು, ಗಾರ್ಡನ್ ಸ್ಟೇಟ್ ಪಾರ್ಕ್‌ವೇಯನ್ನೇ ಮುಚ್ಚಿದ್ದರು. ಬೆಳಿಗ್ಗೆ ಟೆಂಟಿನ ಹಿಂದಿನ ಮರಗಳನ್ನು ನೋಡಿದೆ. ತೊಗಟೆ ಇದ್ದಿಲಿನ ಹಾಗೆ ಕಪ್ಪಗಿದೆ, ಅದೇ ತೊಗಟೆಯ ಬಿರುಕಿನಿಂದ ಹಸಿರು ಎಲೆಗಳ ಗೊಂಚಲು ಹೊರಗೆ ಬಂದಿದೆ. ಬೆಂಕಿ ಬಂದು ಹೋದ ಗುರುತು ಅದು. ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ನಿಷೇಧ ಇದ್ದದ್ದು ಅವರಿಗೆ ಗೊತ್ತಿತ್ತು, ನಮಗೆ ಹೇಳಲಿಲ್ಲ. ಕಟ್ಟುನಿಟ್ಟಿನ ನಿಷೇಧ ಇದ್ದಾಗಲೂ ನೆಲದಿಂದ ಎತ್ತರದಲ್ಲಿಡುವ ಗ್ಯಾಸ್ ಒಲೆಗೆ ಅಡ್ಡಿ ಇಲ್ಲ. ಹೇಳಿದ್ದರೆ ಮನೆಯಿಂದಲೇ ತರುತ್ತಿದ್ದೆವು. ಹೊರಡುವ ದಿನ ನ್ಯೂ ಜೆರ್ಸಿ ಫಾರೆಸ್ಟ್ ಫೈರ್ ಸರ್ವಿಸ್‌ನ ಪುಟ ನೋಡಿಕೊಳ್ಳಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ವಿಷಯ. ಬೆಳಿಗ್ಗೆ ಅಮ್ಮ ಮಗಳ ಜಡೆ ಹಾಕುತ್ತಿದ್ದವರು ತಟ್ಟನೆ ನಿಂತರು. ಕಿವಿಯ ಹಿಂದೆ ಗಸಗಸೆ ಕಾಳಿನಷ್ಟು ಕಪ್ಪು ಚುಕ್ಕೆ. ನಾನಾಗಿದ್ದರೆ ಮರಳಿನ ಕಣ ಅಂದುಕೊಂಡು ಬಿಡುತ್ತಿದ್ದೆ. ಅಮ್ಮ ಸಾಗರದ ಕಡೆಯವರು, ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಊರು. ಕಾಡಿಗೆ ಹೋಗುವ ಮುಂಚೆ ಅದು ಕಚ್ಚದಿರಲಿ ಅಂತ ಡಿಎಂಪಿ ಎಣ್ಣೆ ಹಚ್ಚಿಕೊಂಡು ಬೆಳೆದವರು. "ಇದು ಉಣುಗು ಕಣೇ, ಕಾಲಿದೆ ನೋಡು" ಎಂದರು. ಕನ್ನಡಕ ಹಾಕಿಕೊಂಡು ನೋಡಿದೆ. ಕಾಲುಗಳು ಅಲ್ಲಾಡುತ್ತಿದ್ದವು.

ಅಮ್ಮ ತೆಂಗಿನೆಣ್ಣೆ ಬಿಡೋಣ ಎಂದರು. ಬೇಡ ಎಂದೆ. ಎಣ್ಣೆ, ವ್ಯಾಸಲೀನ್, ಬೆಂಕಿಕಡ್ಡಿಯ ಬಿಸಿ ಯಾವುದನ್ನೂ ಮಾಡಬಾರದು. ಮೊನಚಾದ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ನೇರವಾಗಿ ನಿಧಾನಕ್ಕೆ ಎಳೆಯಬೇಕು. ನಮ್ಮ ಹತ್ತಿರ ಚಿಮಟ ಇರಲಿಲ್ಲ. ಟೆಂಟಿನ ಫಸ್ಟ್ ಏಡ್ ಡಬ್ಬಿಯಲ್ಲಿ ಬ್ಯಾಂಡೇಜ್ ಮಾತ್ರ. ಅಲ್ಲಿಗೆ ಗಂಟುಮೂಟೆ ಕಟ್ಟಿ ಹೊರಟೆವು. ಅರ್ಜೆಂಟ್ ಕೇರ್‌ನಲ್ಲಿ ತೆಗೆದರು. ಹುಳ ಕಚ್ಚಿ ಒಂದು ದಿನವೂ ಆಗಿರಲಿಲ್ಲ. ಈ ಹುಳದಿಂದ ಬರುವ ಲೈಮ್ ಕಾಯಿಲೆ ಅಂಟಲು ಅದು ಸಾಮಾನ್ಯವಾಗಿ 24 ಗಂಟೆಗಿಂತ ಜಾಸ್ತಿ ಕಚ್ಚಿಕೊಂಡಿರಬೇಕು. ಆದರೂ 30 ದಿನ ಮೈಮೇಲೆ ಕೆಂಪು ಗುರುತು, ಜ್ವರ ಬರುತ್ತದಾ ಅಂತ ನೋಡಿಕೊಳ್ಳಿ ಎಂದರು. ಪ್ರತಿ ರಾತ್ರಿ ಟಾರ್ಚ್ ಹಿಡಿದು ನೋಡಿದೆ. ಏನೂ ಆಗಲಿಲ್ಲ, ದೇವರ ದಯೆ.

ಚಿಮಟ ಮರೆಯಬೇಡಿ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ಬಟ್ಟೆ ಶೂಗಳಿಗೆ ಉಣುಗು ಕೊಲ್ಲುವ ಪರ್ಮೆಥ್ರಿನ್ ಮೊದಲೇ ಸಿಂಪಡಿಸಿ ಒಣಗಿಸಿ, ಅದನ್ನು ಮೈಗೆ ಹಚ್ಚಬೇಡಿ. ಮನೆಗೆ ಬಂದ ತಕ್ಷಣ ಬಟ್ಟೆಗಳನ್ನು ಒಗೆಯುವ ಮುಂಚೆಯೇ ಡ್ರೈಯರ್‌ನಲ್ಲಿ ಜಾಸ್ತಿ ಬಿಸಿಗೆ ಹತ್ತು ನಿಮಿಷ ಹಾಕಿ. ಮಕ್ಕಳ ಕಿವಿ ಹಿಂದೆ, ಕಂಕುಳು, ಮಂಡಿ ಹಿಂದೆ, ಹೊಕ್ಕುಳು ನೋಡಿ. ಕಚ್ಚಿದ್ದು ಕಂಡರೆ ತೆಗೆದ 72 ಗಂಟೆಯೊಳಗೆ ಡಾಕ್ಟರಿಗೆ ತೋರಿಸಿ, ಔಷಧಿ ಬೇಕೋ ಬೇಡವೋ ಅವರು ಹೇಳುತ್ತಾರೆ.

ಕಾಡು ಚೆನ್ನಾಗಿದೆ, ಹೋಗಬೇಡಿ ಅನ್ನುವುದಿಲ್ಲ. ಅಲ್ಲಿಯ ಹೊಳೆಗಳ ನೀರು ಹಾಲು ಹಾಕದ ಟೀ ಬಣ್ಣ, ನೋಡಲೇಬೇಕು. ವಯಸ್ಸಾದವರ ಜೊತೆ ಹೋಗುವುದಾದರೆ 206ನೇ ರಸ್ತೆಯ ಪಕ್ಕದ ಆಟ್ಸಿಯನ್ ಕೆರೆ, ಇಲ್ಲವೇ ಬಾಟ್ಸ್ಟೋ ಹಳ್ಳಿಗೆ ಹೋಗಿ. ಅಲ್ಲಿಗೆ ಡಾಂಬರು ರಸ್ತೆ ಇದೆ. ಖಾಸಗಿ ಟೆಂಟೇ ಬೇಕೆಂದರೆ ದುಡ್ಡು ಕಟ್ಟುವ ಮುಂಚೆ ಮೆಸೇಜ್ ಮಾಡಿ, ಮುಖ್ಯ ರಸ್ತೆಯಿಂದ ಟೆಂಟಿನವರೆಗೆ ಯಾವ ದಾರಿ, ಅದರಲ್ಲಿ ಮರಳು ಎಷ್ಟು ದೂರ ಅಂತ ಬರಹದಲ್ಲೇ ಉತ್ತರ ತೆಗೆದುಕೊಳ್ಳಿ. ನಾವು ಎಲ್ಲ ಫೋನಿನಲ್ಲೇ ಮಾತಾಡಿದ್ದೆವು. ಎರಡನೇ ರಾತ್ರಿಯ ದುಡ್ಡು ವಾಪಸ್ ಕೇಳಿದಾಗ, ಎಲ್ಲ ಗಾಡಿಗಳೂ ಬರುತ್ತವೆ ಅಂತ ತಾವು ಹೇಳಿಯೇ ಇಲ್ಲ ಎಂದುಬಿಟ್ಟರು ಮಾಲೀಕರು.